ಶೋಕವೂ ಕಾವ್ಯವೂ

 

ಸಾವು ಹೊಗದ ಮನೆಯು ಲೋಕದಲ್ಲಿಲ್ಲ. ಆದರೂ ಅಳುವಿನ ವಿಷಯದಲ್ಲಿ ಭಕ್ತರ ಮನಸ್ಸಿನಲ್ಲಿ ಒಂದು ಶಂಕೆಯು ಇರುವುದುಂಟು. ಶರಣನಿಗೆ ಮರಣವು ಲಿಂಗೈಕ್ಯವೇ ಆಗಿರುವಾಗ, ಅಗಲಿದವರಿಗಾಗಿ ಗೋಳಿಡುವುದು ಅಜ್ಞಾನವಲ್ಲವೇ? ಅಜ್ಞಾನವಾದರೆ, ಜ್ಞಾನಿಗಳಾದ ಕವಿಗಳು ತಮ್ಮ ಕಾವ್ಯಗಳಲ್ಲಿ ವಿಲಾಪಕ್ಕೆ ಇಷ್ಟೊಂದು ಎಡೆಗೊಟ್ಟುದೇಕೆ? ಮಠದ ಪುರಾಣದಲ್ಲಿ ಚಂದ್ರಮತಿಯ ಪ್ರಲಾಪವು ಬಂದಾಗ, ಶಾಸ್ತ್ರ ಬಲ್ಲ ಹಿರಿಯರೂ ಕಣ್ಣೊರಸಿಕೊಳ್ಳುವುದೇಕೆ? ಈ ಶಂಕೆಗೆ ಸಮಾಧಾನವನ್ನು ಕಾವ್ಯಗಳಲ್ಲಿಯೇ ಅರಸುವುದು ಈ ಉಪನ್ಯಾಸದ ಉದ್ದೇಶವು.

ಕಾವ್ಯದ ಮೂಲವೇ ಶೋಕವೆಂದು ಹಿಂದಿನವರು ನಂಬಿದ್ದರು. ತಮಸಾನದಿಯ ತೀರದಲ್ಲಿ ಬೇಡನೊಬ್ಬನು ಕ್ರೌಂಚಮಿಥುನದಲ್ಲಿ ಗಂಡುಹಕ್ಕಿಯನ್ನು ಕೊಂದನು, ಹೆಣ್ಣುಹಕ್ಕಿಯು ಒರಲಿತು, ಅದನ್ನು ಕೇಳಿದ ವಾಲ್ಮೀಕಿಯ ಶೋಕವು ಶ್ಲೋಕವಾಗಿ ಹೊರಹೊಮ್ಮಿತು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಈ ಪ್ರಸಂಗವನ್ನೇ ತನ್ನ ‘ಧ್ವನ್ಯಾಲೋಕ’ದಲ್ಲಿ ಕಾವ್ಯದ ಆತ್ಮಕ್ಕೆ ನಿದರ್ಶನವಾಗಿ ಎತ್ತಿಕೊಂಡಿರುವನು. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಸತ್ತುದು ಮುನಿಯ ಬಂಧುವಲ್ಲ, ಒಂದು ಕಾಡಿನ ಹಕ್ಕಿ. ಪರರ ನೋವು ತನ್ನದಾಯಿತು. ಇನ್ನೊಂದು, ಬಾಯಿಂದ ಬಂದ ಮಾತು ಎಂಟೆಂಟು ಅಕ್ಷರದ ನಾಲ್ಕು ಪಾದಗಳಲ್ಲಿ ಅಳೆದಿಟ್ಟಂತೆ ಬಂದಿತು. ಅದನ್ನು ಕಂಡು ಮುನಿಯೇ ಬೆರಗಾಗಿ, ವೀಣೆಯ ತಂತಿಗೆ ಹೊಂದುವ ಮಾತಿದೆಂದು ಶಿಷ್ಯನಾದ ಭರದ್ವಾಜನಿಗೆ ತಿಳಿಸಿದನು. ಅಳತೆಯಿಲ್ಲದ ನೋವು ಅಳತೆಯುಳ್ಳ ಮಾತಿನಲ್ಲಿ ನಿಂತುದೇ ಅಲ್ಲಿಯ ಆಶ್ಚರ್ಯವು.

ಕನ್ನಡಕ್ಕೆ ಬಂದರೆ, ಈಗ ಮುಧೋಳವೆನಿಸುವ ಮುದುವೊಳಲಿನಲ್ಲಿ ಕ್ರಿ.ಶ. ೯೪೯ರಲ್ಲಿ ಜನಿಸಿದ ರನ್ನನ ‘ಗದಾಯುದ್ಧ’ವು ಮೊದಲು ನೆನಪಿಗೆ ಬರುವುದು. ಯುದ್ಧವು ಮುಗಿಯುತ್ತ ಬಂದಿದೆ. ದುರ್ಯೋಧನನು ಸಂಜಯನೊಡನೆ, ಹೆಣಗಳ ನಡುವೆ ಕಾಲಿಡಲು ಎಡೆಯಿಲ್ಲದ ರಣಭೂಮಿಯನ್ನು ದಾಟಿ ಭೀಷ್ಮನ ಬಳಿಗೆ ನಡೆಯುತ್ತಾನೆ. ದಾರಿಯಲ್ಲಿ ಮಗ ಲಕ್ಷಣಕುಮಾರನು ಬಿದ್ದಿದ್ದಾನೆ. ತಮ್ಮ ದುಶ್ಶಾಸನನು ಬಿದ್ದಿದ್ದಾನೆ. ಪ್ರಾಣಮಿತ್ರ ಕರ್ಣನೂ ಬಿದ್ದಿದ್ದಾನೆ. ತಂದೆಗೆ ಮಗನು ತರ್ಪಣ ಕೊಡುವುದು ಲೋಕದ ಕ್ರಮ. ಆ ಕ್ರಮವನ್ನು ತಲೆಕೆಳಗು ಮಾಡಿ, ತಂದೆಯ ಕೈಯಿಂದ ನೀರು ಬಿಡಿಸಿಕೊಳ್ಳುವಂತಾದೆಯಲ್ಲಾ ಎಂದು ಅರಸನು ಮಗನಿಗೆ ಮೊರೆಯಿಡುತ್ತಾನೆ. ತಾಯ ಮೊಲೆವಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ಅಣ್ಣನ ತರುವಾಯವೇ ಬಂದ ತಮ್ಮನು, ಸಾವಿನಲ್ಲಿ ಮಾತ್ರ ಮುಂದಾದನೆಂದು ಕೊರಗುತ್ತಾನೆ.

ಎರಡು ವಿಲಾಪಗಳ ಮರ್ಮವೂ ಒಂದೇ: ಕ್ರಮವು ಕೆಟ್ಟಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಇಂದಿಗೂ ಆಡುವ ಮಾತು ಇದೇ ಅಲ್ಲವೇ? ಮಗನ ಮುಂದಿನ ಆ ಮಾತನ್ನು ರನ್ನನು ಹೇಳಿರುವುದು ಕಂದಪದ್ಯದಲ್ಲಿ. ಕಂದಕ್ಕೆ ಸಾಲುಸಾಲಿಗೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು ೬೪ ಮಾತ್ರೆಗಳು. ಬಾಳಿನ ಕ್ರಮ ಮುರಿದುದನ್ನು ಹೇಳುವ ಪದ್ಯದಲ್ಲಿ ಒಂದು ಮಾತ್ರೆಯೂ ಜಾರಿಲ್ಲ. ಶೋಕಗೀತವು ಮಾಡುವ ಕಾರ್ಯವು ಇದೇ ಆಗಿದೆ. ಹೋದವರನ್ನು ಅದು ಮರಳಿ ತಾರದು. ಆ ವಿಲಾಪವು ಕೌರವನನ್ನು ಊರುಭಂಗದಿಂದ ಉಳಿಸಲೂ ಇಲ್ಲ. ಆದರೆ ಮುರಿದುಬಿದ್ದುದನ್ನು ಇನ್ನೊಬ್ಬರು ಕೇಳಬಹುದಾದ, ನೆನಪಿನಲ್ಲಿ ಇಟ್ಟುಕೊಳ್ಳಬಹುದಾದ ರೂಪಕ್ಕೆ ಅದು ತರುವುದು. ಅಷ್ಟೇ ಅಲ್ಲ, ಅದೇ ದಾರಿಯಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಶವವನ್ನು ಕಂಡಾಗ, ಛಲದಂಕಮಲ್ಲನಾದ ದುರ್ಯೋಧನನು ಕೈಮುಗಿದು, ತನಗೂ ಅಂತಹ ಮರಣ ಬರಲೆಂದು ಬೇಡುತ್ತಾನೆ. ಶೋಕವು ಹಗೆತನದ ಗೋಡೆಯನ್ನು ಒಂದು ಕ್ಷಣವಾದರೂ ಕೆಡವಿತು.

ರನ್ನನ ಶೋಕವು ಅರಸನದಾದರೆ, ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಹದಿಮೂರನೆಯ ಶತಮಾನದಲ್ಲಿ ಹಾಡಿದುದು ದಾಸಿಯಾದ ತಾಯಿಯ ಶೋಕವನ್ನು. ‘ಹರಿಶ್ಚಂದ್ರಕಾವ್ಯ’ದಲ್ಲಿ ಲೋಹಿತಾಶ್ವನು ದರ್ಭೆ ತರಲು ಕಾಡಿಗೆ ಹೋಗಿ ಹಾವು ಕಚ್ಚಿ ಮಡಿದನೆಂಬ ಸುದ್ದಿ ಬರುವುದು. ಆದರೆ ಓಡಿಹೋಗಿ ನೋಡಲು ಚಂದ್ರಮತಿಗೆ ಸ್ವಾತಂತ್ರ್ಯವಿಲ್ಲ. ಕೆಲಸ ಮುಗಿಸಿ ಹೋಗೆಂದು ಒಡೆಯನ ಅಪ್ಪಣೆ. ಕತ್ತಲಲ್ಲಿ ಒಬ್ಬಳೇ ಹುಡುಕಿ, ಮಗನನ್ನು ಕಂಡು, ಹೊತ್ತು ತಂದು ಚಿತೆಯೊಡ್ಡಿದರೆ, ಸುಡುಗಾಡಿನ ತೆರಿಗೆಯನ್ನು ಕೊಡದೆ ಸುಡಕೂಡದೆಂದು ಕಾವಲುಗಾರನು ತಡೆಯುತ್ತಾನೆ. ಆ ಕಾವಲುಗಾರನೇ ಅವಳ ಪತಿ. ಬಡವರ ಮನೆಯಲ್ಲಿ ಸಾವು ಎಂದೂ ಒಂಟಿಯಾಗಿ ಬರುವುದಿಲ್ಲ. ಸಾಲ, ಕೂಲಿ, ಪರಾಧೀನತೆಗಳು ಅದರ ಹಿಂದೆಯೇ ಬಂದು ನಿಲ್ಲುವುವು. ಅಳುವುದಕ್ಕೂ ಬಿಡುವಿಲ್ಲದವಳ ಅಳುವನ್ನು ವಾರ್ಧಕಷಟ್ಪದಿಯ ವಿಶಾಲವಾದ ನಡೆಯಲ್ಲಿ ತುಂಬಿ, ಜಗತ್ತೇ ನಿಂತು ಕೇಳುವಂತೆ ಮಾಡಿದುದು ರಾಘವಾಂಕನ ಹಿರಿಮೆ.

ಮೊದಲು ಹೇಳಿದ ಶಂಕೆಗೆ ಉತ್ತರವೂ ಇಲ್ಲಿಯೇ ಇದೆ. ಕಾಶೀವಿಶ್ವನಾಥನು ಪ್ರತ್ಯಕ್ಷನಾಗಿ ಲೋಹಿತಾಶ್ವನು ಮರಳಿ ಏಳುವನೆಂಬುದನ್ನು ಕವಿಯು ಬಲ್ಲನು. ಕಥೆ ಕೇಳುವ ಭಕ್ತರೂ ಬಲ್ಲರು. ಹಾಗಿದ್ದೂ, ಕೊನೆಗೆ ಮಂಗಳವಾಗುವುದೆಂಬ ನೆವದಿಂದ ತಾಯಿಯ ಪ್ರಲಾಪದ ಒಂದು ಪದ್ಯವನ್ನೂ ಅವನು ಮೊಟಕುಗೊಳಿಸಲಿಲ್ಲ. ಶಿವನ ಕರುಣೆಯಲ್ಲಿ ನಿಸ್ಸಂದೇಹವಾದ ನಂಬಿಕೆಯಿದ್ದ ಕವಿಗೂ ಆ ಕಣ್ಣೀರು ಅಜ್ಞಾನವೆಂದು ತೋರಲಿಲ್ಲ. ನಂಬಿಕೆಯು ಒಂದು, ನೋವು ಒಂದು; ಎರಡೂ ಒಂದೇ ಎದೆಯಲ್ಲಿ ಇರಬಲ್ಲವು. ಲಿಂಗದಲ್ಲಿ ಬೆರೆತವರಿಗೆ ಯಾರ ಕಣ್ಣೀರೂ ಬೇಕಾಗಿಲ್ಲ, ನಿಜ. ಆದರೆ ಉಳಿದವರ ಮನೆಯಲ್ಲಿ ಒಂದು ಹಾಸಿಗೆ ಬರಿದಾಗಿರುವುದೂ ಅಷ್ಟೇ ನಿಜ.

ಹೀಗೆ ನೆನೆಯುವ ಧರ್ಮವು ಈ ನಾಡಿಗೆ ಹೊಸದಲ್ಲ. ಕ್ರಿ.ಶ. ೯೪೯-೫೦ರ ಸುಮಾರಿನ ಆತಕೂರಿನ ಶಾಸನವು ಕಾಳಿಯೆಂಬ ನಾಯಿಯನ್ನು ನೆನೆಯುವುದು. ಗಂಗ ಬೂತುಗನಿಂದ ಮಣಲೇರನು ಬೇಡಿ ಪಡೆದ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರನು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಬಾರದೆಂದು ಕಟ್ಟುಮಾಡಿದನು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮೂಕಪ್ರಾಣಿಯ ಅಗಲಿಕೆಯನ್ನೂ ನಿತ್ಯಕರ್ತವ್ಯವನ್ನಾಗಿ ಮಾಡಿದ ನಾಡಿದು. ಅಕ್ಷರವರಿಯದ ಹಳ್ಳಿಯ ತಾಯಂದಿರೂ ಇದೇ ಧರ್ಮವನ್ನು ಪಾಲಿಸುತ್ತ ಬಂದಿದ್ದಾರೆ. ಉತ್ತರದ ಜಿಲ್ಲೆಗಳಲ್ಲಿ ಅವರು ಹೆಣದ ಮುಂದೆ ಕುಳಿತು ಹಾಡಿಕೊಂಡು ಅಳುವಾಗ, ಹೋದವರ ಗುಣ, ದುಡಿಮೆ, ಉಂಡುದು, ಉಣ್ಣದೆ ಉಳಿದುದು ಎಲ್ಲವೂ ಆ ಹಾಡಿನಲ್ಲಿ ಬರುವುವು, ನೆರೆಹೊರೆಯವರು ದನಿಗೂಡಿಸುವರು.

ಆ ದನಿಗೂಡುವಿಕೆಯ ಬೆಲೆಯು ೨೦೨೦-೨೧ರ ಕೊರೊನಾ ಸಾಂಕ್ರಾಮಿಕದಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಎಷ್ಟೋ ಮನೆಯವರಿಗೆ ಕೊನೆಗೆ ಮುಖ ನೋಡುವ, ಕೈಯಾರೆ ಮಣ್ಣು ಕೊಡುವ ಭಾಗ್ಯವಿರಲಿಲ್ಲ. ಕೂಡಿ ಅಳಲು ನೆರೆಯವರು ಬರುವಂತಿರಲಿಲ್ಲ. ಆಗ ಬಾಯೊಳಗೇ ಉಳಿದ ಅಳು ಅನೇಕರ ಎದೆಯಲ್ಲಿ ಇನ್ನೂ ಕಲ್ಲಾಗಿ ಕುಳಿತಿದೆ.

ಆದುದರಿಂದ, ಭಕ್ತಮಹಾಶಯರೇ, ಸಾವಾದ ಮನೆಗೆ ಹೋದಾಗ ಮೊದಲ ದಿನವೇ ವೇದಾಂತವನ್ನು ಬೋಧಿಸತೊಡಗುವುದು ಉಚಿತವಲ್ಲ. ದೇಹವು ಅನಿತ್ಯವೆಂಬುದನ್ನು ಮಗನನ್ನು ಕಳೆದುಕೊಂಡ ತಾಯಿಯು ಬಂದವರೆಲ್ಲರಿಗಿಂತ ಚೆನ್ನಾಗಿ ಬಲ್ಲಳು. ಅವಳ ಬಳಿಯಲ್ಲಿ ಕುಳಿತು, ಹೋದವನ ಹೆಸರೆತ್ತಿ, ಅವಳು ಹೇಳುವುದನ್ನು ಕೇಳುವುದು ಮೊದಲ ದಾಸೋಹವು. ತಿಂಗಳುಗಳು ಕಳೆದ ಮೇಲೆ, ಮನೆಯ ಪಡಸಾಲೆಯಲ್ಲಿ ಚಂದ್ರಮತಿಯ ಪ್ರಲಾಪವನ್ನು ಯಾರಾದರೂ ರಾಗವಾಗಿ ಓದಲಿ. ಏಳು ಶತಮಾನಗಳಿಗೂ ಹಿಂದೆ ಒಬ್ಬ ಕವಿಯು ತನ್ನ ಅಳುವನ್ನು ಮೊದಲೇ ಕೇಳಿಸಿಕೊಂಡಿದ್ದನೆಂದು ಆ ತಾಯಿಗೆ ತಿಳಿದರೆ, ಕಾವ್ಯವು ಹುಟ್ಟಿದುದು ಸಾರ್ಥಕವಾಯಿತು.