ಬೀಗ ಹಾಕುವ ನೆನಪು, ಬೀಗ ಹಾಕಿದ ನೆನಪು

ಕಾಸರಗೋಡಿನ ನಮ್ಮ ಕನ್ನಡ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಗಲ್ಫಿನಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿದ್ದ. ಒಂದು ರಾತ್ರಿ ಅಲ್ಲಿಂದ ಕೆಲವು ಸಾಮಾನು ಕಾಣೆಯಾಯಿತು. ಬೀಗದ ಕೈ ಇದ್ದದ್ದು ಇವನಲ್ಲಿ. ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದರು. ಇವನು ಬರೆದ: 'ಐ ರಿಮೆಂಬರ್ ಟು ಲಾಕ್ ದ ಡೋರ್.' ಮೇಲಧಿಕಾರಿ ಅದನ್ನು ಓದಿ, 'ಬೀಗ ಹಾಕಬೇಕೆಂಬುದು ನಿನಗೆ ನೆನಪಿರುತ್ತದೆ, ಸರಿ. ಆದರೆ ಆ ರಾತ್ರಿ ಹಾಕಿದ್ದೆಯೋ ಇಲ್ಲವೋ?' ಎಂದು ಕೇಳಿದರಂತೆ. ಹುಡುಗ ಬರೆಯಬೇಕಾಗಿದ್ದದ್ದು 'ಐ ರಿಮೆಂಬರ್ ಲಾಕಿಂಗ್ ದ ಡೋರ್', ಅಂದರೆ ಬೀಗ ಹಾಕಿದ್ದು ನನಗೆ ನೆನಪಿದೆ ಎಂದು. ಬಾಯಿಮಾತಿನಲ್ಲಿ ಹೇಗೋ ಬಿಡಿಸಿ ಹೇಳಿ ಪಾರಾದ. ರಜೆಯಲ್ಲಿ ಊರಿಗೆ ಬಂದವನು ನನ್ನಲ್ಲಿ ಕೇಳಿದ: 'ಮಾಷ್ಟ್ರೇ, ಈ ಟು ಯಾವಾಗ, ಇಂಗ್ ಯಾವಾಗ?'

ಈ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಮನೆಮಾತಿನಲ್ಲೇ ಇದೆ. 'ಬೀಗ ಹಾಕಲಿಕ್ಕೆ ಮರೆತೆ' ಎಂದರೆ ಬೀಗ ಬಿದ್ದಿಲ್ಲ. 'ಬೀಗ ಹಾಕಿದ್ದನ್ನು ಮರೆತೆ' ಎಂದರೆ ಬೀಗ ಬಿದ್ದಿದೆ, ನೆನಪು ಮಾತ್ರ ಹೋಗಿದೆ. ಪೇಟೆಯಲ್ಲಿ ನಾವಾಡುವ ಮಲಯಾಳದಲ್ಲೂ ಹೀಗೆಯೇ: 'ಪೂಟ್ಟಾನ್ ಮರನ್ನು' ಬೇರೆ, 'ಪೂಟ್ಟಿಯದು ಮರನ್ನು' ಬೇರೆ. ಹಾಕಲಿಕ್ಕೆ, ಪೂಟ್ಟಾನ್ ಎಂಬಲ್ಲಿ ಕೆಲಸ ಇನ್ನೂ ಮುಂದಿದೆ. ಇಂಗ್ಲಿಷಿನಲ್ಲಿ ಅಲ್ಲಿ 'ಟು' ಬರುತ್ತದೆ. ಹಾಕಿದ್ದು, ಪೂಟ್ಟಿಯದು ಎಂಬಲ್ಲಿ ಕೆಲಸ ನಡೆದುಹೋಗಿದೆ, ಅಲ್ಲಿ 'ಇಂಗ್'. ರಿಮೆಂಬರ್, ಫರ್ಗೆಟ್ ಎಂಬ ಎರಡು ಕ್ರಿಯಾಪದಗಳಿಗೆ ಇಷ್ಟು ನೆನಪಿಟ್ಟರೆ ಸಾಕು.

'ಸ್ಟಾಪ್' ಎಂಬುದನ್ನು ನೋಡಿ. 'ಹಿ ಸ್ಟಾಪ್ಡ್ ಟು ಸ್ಮೋಕ್' ಎಂದರೆ ನಡೆಯುತ್ತಿದ್ದವನು ಬೀಡಿ ಸೇದಲಿಕ್ಕೆ ನಿಂತ. 'ಹಿ ಸ್ಟಾಪ್ಡ್ ಸ್ಮೋಕಿಂಗ್' ಎಂದರೆ ಬೀಡಿ ಸೇದುವುದನ್ನೇ ಬಿಟ್ಟ. ವೈದ್ಯರಿಗೆ ಚೀಟಿ ಬರೆಯುವಾಗ ಇವೆರಡು ಅದಲುಬದಲಾದರೆ ಏನಾದೀತು, ನೀವೇ ಯೋಚಿಸಿ.

ಕೆಲವು ಪದಗಳಿಗೆ ಆಯ್ಕೆಯೇ ಇಲ್ಲ. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ಅಗ್ರೀ, ರೆಫ್ಯೂಸ್, ಇವುಗಳ ಬಳಿಕ ಬರುವ ಕ್ರಿಯೆಗೆ 'ಟು': 'ಐ ವಾಂಟ್ ಟು ಲರ್ನ್.' ಬಯಕೆ, ತೀರ್ಮಾನ, ಮಾತು ಕೊಡುವುದು, ಎಲ್ಲವೂ ಮುಂದೆ ಆಗಬೇಕಾದ ಕೆಲಸದ ಬಗ್ಗೆ. ಎಂಜಾಯ್, ಫಿನಿಶ್, ಅವಾಯ್ಡ್, ಗಿವ್ ಅಪ್, ಇವುಗಳ ಬಳಿಕ 'ಇಂಗ್': 'ಐ ಫಿನಿಶ್ಡ್ ರೀಡಿಂಗ್.' ಕೈಯಲ್ಲಿ ಹಿಡಿದದ್ದನ್ನು ಮಾತ್ರ ಮುಗಿಸಲು ಸಾಧ್ಯ. ಆದರೆ ಈ ಲೆಕ್ಕ ಎಲ್ಲ ಕಡೆ ಕೂಡಿಬರುವುದಿಲ್ಲ. 'ಸಜೆಸ್ಟ್' ಎಂದರೆ ಮುಂದಿನ ಕೆಲಸಕ್ಕೆ ಸಲಹೆ. ಆದರೂ 'ಹಿ ಸಜೆಸ್ಟೆಡ್ ಗೋಯಿಂಗ್ ಬೈ ಟ್ರೇನ್' ಎಂದೇ ಹೇಳಬೇಕು. ಇಂಥವನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಬಿಗಿನ್, ಸ್ಟಾರ್ಟ್, ಲೈಕ್ ಮುಂತಾದ ಪದಗಳ ಬಳಿಕ ಸಾಮಾನ್ಯವಾಗಿ ಎರಡೂ ನಡೆಯುತ್ತವೆ. ಅಲ್ಲಿ ಅಷ್ಟು ಹೆದರಬೇಕಾಗಿಲ್ಲ.

ಇನ್ನು ಉದ್ಯೋಗದ ಅರ್ಜಿ. ಕೊನೆಯ ಸಾಲಿನಲ್ಲಿ ನಮ್ಮ ಮಕ್ಕಳು 'ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಎಂದು ಬರೆಯುವುದುಂಟು. ಅದು ತಪ್ಪು, 'ಟು ಹಿಯರಿಂಗ್' ಎಂದಾಗಬೇಕು. ಮುಂದೆ ಬರುವ ಉತ್ತರಕ್ಕೆ 'ಇಂಗ್' ಯಾಕೆ ಎಂದು ಕೇಳಬಹುದು. ಇಲ್ಲಿರುವ 'ಟು' ಕ್ರಿಯೆಯ ಜೊತೆಗಾರನಲ್ಲ, ಇನ್, ಆಫ್, ಫಾರ್ ಎಂಬವುಗಳ ಅಣ್ಣತಮ್ಮ. ಅವುಗಳ ಬಳಿಕ ಕ್ರಿಯಾಪದ ಬರುವುದಾದರೆ 'ಇಂಗ್' ತೊಟ್ಟೇ ಬರಬೇಕು: 'ಇಂಟರೆಸ್ಟೆಡ್ ಇನ್ ಲರ್ನಿಂಗ್.' ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. 'ಟು' ಆದ ಮೇಲೆ ಒಂದು ನಾಮಪದ ಇಟ್ಟು ನೋಡಿ. 'ಐ ಲುಕ್ ಫಾರ್ವರ್ಡ್ ಟು ಯುವರ್ ಲೆಟರ್' ಸರಿಯಾಗಿ ಕೂಡುತ್ತದೆ. ಹಾಗಾದರೆ 'ಇಂಗ್' ಬೇಕು. 'ಐ ವಾಂಟ್ ಟು ಯುವರ್ ಲೆಟರ್' ಕೂಡುವುದಿಲ್ಲ. ಅಲ್ಲಿ 'ಇಂಗ್' ಬೇಡ.

ಕನ್ನಡ ಮಾಧ್ಯಮದಲ್ಲಿ ಕಲಿತೆವು, ಇಂಗ್ಲಿಷ್ ನಮಗೆ ಹತ್ತದು ಎಂದು ಹಿಂಜರಿಯುವ ಮಕ್ಕಳು ಗಡಿನಾಡಿನಲ್ಲಿ ಹಲವರಿದ್ದಾರೆ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುತ್ತ ಬೆಳೆದವರಿಗೆ 'ಹಾಕಲಿಕ್ಕೆ' ಮತ್ತು 'ಹಾಕಿದ್ದು' ಇವುಗಳ ಅಂತರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲಿಷ್ ವಾಕ್ಯ ಬರೆಯುವ ಮುನ್ನ ಅದನ್ನೇ ಒಮ್ಮೆ ಕನ್ನಡದಲ್ಲಿ ಹೇಳಿ, ಕೆಲಸ ಆಗಿದೆಯೋ ಆಗಬೇಕೋ ಎಂದು ಕೇಳಿಕೊಳ್ಳಿ. ಆ ಹುಡುಗ ಈಗ ಹಾಗೆಯೇ ಮಾಡುತ್ತಾನೆ.

ಇಂದು ರಾತ್ರಿ ಬಾಗಿಲು ಭದ್ರ ಮಾಡಿದ ಮೇಲೆ ಮನೆಯ ಮಕ್ಕಳಿಂದ ಈ ಎರಡು ವಾಕ್ಯಗಳನ್ನು ಬರೆಯಿಸಿ ನೋಡಿ: ಬೀಗ ಹಾಕಲಿಕ್ಕೆ ಮರೆಯಲಿಲ್ಲ, ಬೀಗ ಹಾಕಿದ್ದು ನೆನಪಿದೆ.