ಅಕ್ಕಡಿ ಸಾಲಿನ ಊಟ

ಎಳ್ಳ ಅಮಾಸಿಗೆ ಚರಗ ಚೆಲ್ಲುವಾಗ ಬುತ್ತಿಯೊಳಗ ಏನೇನಿರತದ? ಸಜ್ಜಿ ರೊಟ್ಟಿ, ಜೋಳದ ಕಡಬು, ಪುಂಡಿ ಪಲ್ಯ, ಅಗಸಿ ಹಿಂಡಿ. ಇದು ಒಂದು ದಿನದ ಊಟವಾಗಿ ಉಳಿಯಬಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದೊಡನೆ ಕಡಲೆ, ಕುಸುಬಿಯ ಅಕ್ಕಡಿ ಸಾಲು ಹಾಕುವುದು ಹಿರಿಯರ ರೂಢಿ. ಈಗ ಹಲವು ಕಡೆ ಬರೀ ತೊಗರಿ, ಇಲ್ಲವೇ ಬರೀ ಕಬ್ಬು. ಆ ಒಂದು ಬೆಳೆ ಕೈಕೊಟ್ಟರೆ ರೊಕ್ಕವೂ ಇಲ್ಲ, ರೊಟ್ಟಿಯೂ ಇಲ್ಲ.

ಜೋಳದಲ್ಲಿ ಕಡಿಮೆಯಿರುವ ಸತ್ವವನ್ನು ಬೇಳೆ ತುಂಬಿಕೊಡುತ್ತದೆ. ರಾಜಗಿರಿ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣದಂಶ ಮೈಗೆ ಹೆಚ್ಚು ಹತ್ತುತ್ತದೆ. ಬಸುರಿ, ಬಾಣಂತಿಯರಿಗೆ ಇದು ಬೇಕೇಬೇಕು.

ಬರುವ ಹಿಂಗಾರಿಗೆ ಒಂದೆಕರೆಯಾದರೂ ಅಕ್ಕಡಿ ಹಾಕಿರಿ. ಎಳೆ ಕಡಲೆಯ ಕುಡಿ ಚಿವುಟಿ ಪಲ್ಯ ಮಾಡಿರಿ; ಗಿಡವೂ ಕವಲೊಡೆಯುತ್ತದೆ. ಔಷಧ ಹೊಡೆದ ಹೊಲದ ಸೊಪ್ಪು ಮಾತ್ರ ಮುಟ್ಟಬೇಡಿರಿ.