ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು

ಮನೆಯಲ್ಲಿ ಮೀನು ಸಾಕಲು ಹೊರಟವರಲ್ಲಿ ಬಹುಮಂದಿಯ ಅನುಭವ ಒಂದೇ ಬಗೆಯದು. ಒಂದು ಸಂಜೆ ಪೇಟೆಗೆ ಹೋಗಿ ದುಂಡನೆಯ ಗಾಜಿನ ಬುರುಡೆಯೊಂದನ್ನೂ ಹೊಂಬಣ್ಣದ ಎರಡು ಮೀನುಗಳನ್ನೂ ಕೊಂಡು ತರುತ್ತಾರೆ. ಅಂದು ಮಕ್ಕಳಿಗೆ ಊಟವೂ ಬೇಡ, ನಿದ್ರೆಯೂ ಬೇಡ. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ, ಮರುದಿನ ಇನ್ನೊಂದು. ಬುರುಡೆ ಅಟ್ಟವನ್ನು ಸೇರುತ್ತದೆ. ತಮ್ಮ ಕೈಗುಣ ಮೀನಿಗೆ ಆಗಿಬರುವುದಿಲ್ಲವೆಂದು ಮನೆಯ ಯಜಮಾನರು ತೀರ್ಮಾನಿಸುತ್ತಾರೆ.

ನಾವೂ ಇದೇ ದಾರಿಯಲ್ಲಿ ನಡೆದವರು. ಅಲಕ್ಷ್ಯ ಮಾಡಿದೆವೆಂದು ಯಾರೂ ನಮ್ಮನ್ನು ದೂರುವಂತಿರಲಿಲ್ಲ. ದಿನವೂ ಬೆಳಿಗ್ಗೆ ನೀರನ್ನೆಲ್ಲ ಚೆಲ್ಲಿ, ಬುರುಡೆಯನ್ನು ತಿಕ್ಕಿ ತೊಳೆದು, ಕಲ್ಲುಗಳಿಗೆ ಬಿಸಿನೀರೆರೆದು, ಕೊಳಾಯಿಯ ಹೊಸ ನೀರನ್ನು ತುಂಬುತ್ತಿದ್ದೆವು. ದೇವರ ಪಾತ್ರೆಗಳಿಗೂ ಅಂಥ ಶುಶ್ರೂಷೆ ನಮ್ಮ ಮನೆಯಲ್ಲಿ ನಡೆದದ್ದಿಲ್ಲ. ಹನ್ನೊಂದನೆಯ ದಿನ ಎರಡು ಮೀನುಗಳೂ ಸತ್ತವು. ಅವುಗಳನ್ನು ಕೊಂದದ್ದು ನಮ್ಮ ಶುಚಿತ್ವವೇ ಎಂಬುದು ಬಹುಕಾಲದ ಮೇಲೆ ತಿಳಿಯಿತು. ಹೀಗೆ ತಡವಾಗಿ ತಿಳಿದದ್ದನ್ನು ಹೊಸದಾಗಿ ಮೀನು ಸಾಕಬೇಕೆಂದಿರುವ ಶ್ರೋತೃಗಳು ಮೊದಲೇ ತಿಳಿದುಕೊಂಡಿರಲಿ ಎಂಬುದೇ ಈ ಭಾಷಣದ ಉದ್ದೇಶ.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವನು ನಿಜವಾಗಿ ಸಾಕುವುದು ನೀರನ್ನು. ನೀರು ನೆಟ್ಟಗಿದ್ದರೆ ಮೀನು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಈ ಮಾತಿಗೆ ಕಾರಣವುಂಟು. ಮೀನು ತಿಂದ ಆಹಾರದಲ್ಲಿ ಬಳಕೆಯಾಗದೆ ಉಳಿದ ಭಾಗವು ಅಮೋನಿಯಾ ರೂಪದಲ್ಲಿ ಹೊರಬೀಳುತ್ತದೆ. ಅದರಲ್ಲಿ ಹೆಚ್ಚಿನಂಶ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ಕೆರೆ ನದಿಗಳಲ್ಲಿ ಇದು ಲೆಕ್ಕಕ್ಕೆ ಬಾರದು. ಆದರೆ ನಾಲ್ಕು ಸೇರು ನೀರಿನ ಬುರುಡೆಯಲ್ಲಿ ಮೀನು ತನ್ನ ವಿಷದಲ್ಲಿ ತಾನೇ ಈಜಬೇಕಾಗುತ್ತದೆ. ನೀರು ನೋಡುವುದಕ್ಕೆ ಸ್ಫಟಿಕದಂತಿರಬಹುದು, ಅಮೋನಿಯಾಕ್ಕೆ ಬಣ್ಣವಿಲ್ಲ.

ಈ ವಿಷವನ್ನು ತೆಗೆಯುವವರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಪಂಗಡವು ಅಮೋನಿಯಾವನ್ನು ನೈಟ್ರೈಟನ್ನಾಗಿ ಮಾರ್ಪಡಿಸುತ್ತದೆ. ಇದೂ ವಿಷವೇ: ಮೀನಿನ ರಕ್ತವು ಪ್ರಾಣವಾಯುವನ್ನು ಹೊರಲಾರದಂತಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಮೀನು ನೀರಿನ ಮೇಲ್ಗಡೆಗೆ ಬಂದು ಬಾಯಿ ಬಿಡುತ್ತದೆ. ಎರಡನೆಯ ಪಂಗಡವು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುತ್ತದೆ. ಇದರಿಂದ ಅಷ್ಟು ಭಯವಿಲ್ಲ. ಗಿಡಗಳಿಗೆ ಇದು ಗೊಬ್ಬರ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಕಡಮೆ. ಕಲ್ಲು, ಮರಳು, ಗಾಜು, ಶೋಧಕದ ಸ್ಪಂಜು ಇವುಗಳ ಮೇಲೆ ತೆಳುವಾದ ಲೋಳೆಯಂತೆ ಅಂಟಿಕೊಂಡಿರುತ್ತವೆ. ನಾವು ದಿನವೂ ತಿಕ್ಕಿ ತೆಗೆಯುತ್ತಿದ್ದುದು ಈ ಲೋಳೆಯನ್ನೇ! ಸಾಲದೆಂಬಂತೆ ಕೊಳಾಯಿ ನೀರಿನ ಕ್ಲೋರಿನ್ನನ್ನೂ ಅವುಗಳಿಗೂ ಮೀನುಗಳಿಗೂ ದಿನದಿನವೂ ಉಣಿಸುತ್ತಿದ್ದೆವು.

ಈ ವಿಚಾರವನ್ನು ಮನುಷ್ಯನು ತಿಳಿದುಕೊಂಡದ್ದು ಎರಡು ಹೆಜ್ಜೆಗಳಲ್ಲಿ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬವರು ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಒಂದೇ ಪಾತ್ರೆಯಲ್ಲಿಟ್ಟು, ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಿ, ಗಿಡ ಬಿಟ್ಟ ಪ್ರಾಣವಾಯುವನ್ನು ಮೀನು ಉಸಿರಾಡುವುದನ್ನು ತೋರಿಸಿಕೊಟ್ಟರು. ಕೊಳೆತ ಎಲೆಗಳಿಂದ ನೀರು ಕೆಡುತ್ತಿದ್ದುದನ್ನು ಕಂಡು ಬಸವನಹುಳುಗಳನ್ನೂ ಬಿಟ್ಟರು. ಮೂರು ವರ್ಷಗಳೊಳಗಾಗಿ, 1853ರಲ್ಲಿ, ಆ ನಗರದ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವೇ ತೆರೆಯಿತು. ವಾರಿಂಗ್‌ಟನ್ನರು ಕಂಡದ್ದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ತಿಳಿಯಲು ರಷ್ಯಾದ ವಿನೊಗ್ರಾಡ್ಸ್ಕಿಯವರು 1890ರ ಸುಮಾರಿನಲ್ಲಿ ಈ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸುವವರೆಗೆ ಕಾಯಬೇಕಾಯಿತು.

ಇನ್ನು ತೊಟ್ಟಿಯ ವಿಷಯ. ದುಂಡು ಬುರುಡೆಯನ್ನು ಯಾರೂ ಕೊಳ್ಳದಿರಲಿ. ಅದರ ಬಾಯಿ ಕಿರಿದಾದ್ದರಿಂದ ಗಾಳಿ ಸೋಕುವ ನೀರಿನ ಹರವು ಸ್ವಲ್ಪ, ನೀರೂ ಸ್ವಲ್ಪ. ಚಿಕ್ಕ ತೊಟ್ಟಿಯನ್ನು ನೋಡಿಕೊಳ್ಳುವುದು ಸುಲಭವೆಂಬುದು ತಪ್ಪು ಭಾವನೆ. ನೀರು ಹೆಚ್ಚಾದಷ್ಟೂ ನಮ್ಮ ತಪ್ಪುಗಳು ನಿಧಾನವಾಗಿ ಫಲಿಸುತ್ತವೆ, ತಿದ್ದಿಕೊಳ್ಳಲು ವ್ಯವಧಾನ ದೊರೆಯುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೊಸಬರಿಗೆ ಯೋಗ್ಯವಾದುದು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರು ಹಿಡಿಯುತ್ತದೆ. ಕಲ್ಲು, ಗಾಜು ಎಲ್ಲವೂ ಸೇರಿ ಸುಮಾರು 70 ಕಿಲೋಗ್ರಾಂ, ಎಂದರೆ ಒಬ್ಬ ಆಳಿನ ತೂಕ. ಪುಸ್ತಕದ ಕಪಾಟಿನ ಮೇಲೆ ಆಳನ್ನು ಕೂರಿಸುವವರುಂಟೆ? ಭದ್ರವಾದ ಮೇಜು ಬೇಕು, ತೊಟ್ಟಿಯ ಕೆಳಗೆ ಮೆತ್ತನೆಯ ಹಾಸು ಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಬಾರದು. ನೀರು ಕಾಯುತ್ತದೆ, ಗಾಜಿನ ಮೇಲೆ ಪಾಚಿ ಹಬ್ಬುತ್ತದೆ.

ತಳದಲ್ಲಿ ಎರಡಂಗುಲದಷ್ಟು ದಪ್ಪವಾಗಿ, ಚೆನ್ನಾಗಿ ತೊಳೆದ ಸಣ್ಣ ಹರಳುಕಲ್ಲನ್ನು ಹಾಸಬೇಕು. ಸಾಬೂನನ್ನು ಮಾತ್ರ ಹತ್ತಿರಕ್ಕೂ ತರಬಾರದು. ಕೊಳಾಯಿಯ ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೀನು ಬೆರೆತ ನೀರಾದರೆ ಈ ಉಪಾಯ ನಡೆಯದು. ಅದಕ್ಕಾಗಿ ಅಂಗಡಿಗಳಲ್ಲಿ ದೊರೆಯುವ ಔಷಧದ ಹನಿಗಳನ್ನು ಹಾಕಬೇಕು. ಗಾಳಿಯಂತ್ರಕ್ಕೆ ಜೋಡಿಸಿದ ಸಾಮಾನ್ಯ ಸ್ಪಂಜಿನ ಶೋಧಕವೊಂದಿದ್ದರೆ ಸಾಕು. ಸ್ಪಂಜು ಕಟ್ಟಿಕೊಂಡಾಗ ಅದನ್ನು ಕೊಳಾಯಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲನೆ ಹಿಂಡಿ ಮರಳಿ ಇಡತಕ್ಕದ್ದು. ವಿದ್ಯುತ್ತು ಬಹಳ ಹೊತ್ತು ನಿಂತರೆ ಸ್ಪಂಜಿನೊಳಗಣ ಜೀವಿಗಳಿಗೂ ಉಸಿರು ಕಟ್ಟುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡಿದ್ದರೆ ಒಳ್ಳೆಯದು. ಗಿಡಗಳಲ್ಲಿ ವ್ಯಾಲಿಸ್ನೇರಿಯ, ಹೈಡ್ರಿಲ್ಲ ಇವು ನಮ್ಮ ಕೆರೆಗಳಲ್ಲಿಯೂ ಬೆಳೆಯುವಂಥವು, ಹಟಮಾರಿಗಳು. ಆದರೆ ಕೆರೆಯಿಂದ ತಂದ ಗಿಡದ ಜೊತೆಯಲ್ಲಿ ಕೊಡತಿಹುಳುವಿನ ಮರಿಯೂ ಬರಬಹುದು. ಅದು ಸಣ್ಣ ಮೀನನ್ನು ಹಿಡಿದು ತಿನ್ನುವ ಜಂತು. ಒಂದು ವಾರ ಬಕೆಟ್ಟಿನಲ್ಲಿಟ್ಟು ನೋಡಿ ಅನಂತರ ನೆಡುವುದು ಕ್ಷೇಮ.

ಇಷ್ಟೆಲ್ಲ ಅಣಿಯಾದ ದಿನವೇ ಮಕ್ಕಳು ಮೀನೆಲ್ಲಿ ಎಂದು ಕೇಳುತ್ತಾರೆ. ಅತ್ಯಂತ ಕಠಿನವಾದ ಘಟ್ಟ ಇದೇ. ಮೀನು ಇನ್ನೂ ಬರಬಾರದು. ಸೂಕ್ಷ್ಮಜೀವಿಗಳು ನೆಲೆಗೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅವುಗಳಿಗೂ ಅನ್ನ ಬೇಕಷ್ಟೆ: ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ. ಮೀನಿಲ್ಲದ ನೀರಿಗೆ ಊಟ ಬಡಿಸುವ ನಮ್ಮನ್ನು ಕಂಡು ನೆರೆಯವರು ನಕ್ಕರೆ ನಗಲಿ. ಈಗಾಗಲೇ ನೆಲೆಗೊಂಡಿರುವ ಸ್ನೇಹಿತರ ತೊಟ್ಟಿಯಿಂದ, ಅದರ ಮೀನುಗಳು ಆರೋಗ್ಯವಾಗಿದ್ದರೆ, ಹಳೆಯ ಸ್ಪಂಜಿನ ತುಂಡೊಂದನ್ನು ಬೇಡಿ ತಂದರೆ ಕಾಲ ಬಹಳ ಉಳಿಯುತ್ತದೆ; ಮೊಸರಿಗೆ ಹೆಪ್ಪು ತಂದಂತೆ. ನೀರನ್ನು ಪರೀಕ್ಷಿಸುವ ದ್ರಾವಣಗಳು ಅಂಗಡಿಯಲ್ಲಿ ದೊರೆಯುತ್ತವೆ. ಅಮೋನಿಯಾವೂ ನೈಟ್ರೈಟೂ ಸೊನ್ನೆಗೆ ಇಳಿದು ನೈಟ್ರೇಟು ಕಾಣಿಸಿಕೊಂಡಿತೆಂದರೆ ಮೀನನ್ನು ಕರೆತರಬಹುದು.

ಯಾವ ಮೀನು? ನಮ್ಮ ಮತವನ್ನು ಕೇಳುವುದಾದರೆ ಜೀಬ್ರಾ ಮೀನು. ನೀಲಿ ಪಟ್ಟೆಗಳುಳ್ಳ, ಒಂದೂವರೆ ಅಂಗುಲದ, ಒಂದು ಕ್ಷಣವೂ ಸುಮ್ಮನಿರದ ಪ್ರಾಣಿ. ಇದು ಭಾರತದ್ದೇ. ಇದನ್ನು ಮೊದಲು ಶಾಸ್ತ್ರೋಕ್ತವಾಗಿ ವರ್ಣಿಸಿದವರು, ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಾಯಿಸಿಕೊಂಡು ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಬಂದಿದೆ. ಇಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಇದೇ ಮೀನು. ನಮ್ಮ ಬೆಂಗಳೂರು ಮೈಸೂರುಗಳ ಹವೆಯಲ್ಲಿ ನೀರನ್ನು ಕಾಯಿಸುವ ಸಾಧನವಿಲ್ಲದೆಯೂ ಬಾಳುತ್ತದೆ. ಗುಂಪಿನಲ್ಲಿರುವ ಮೀನಾದುದರಿಂದ ಆರನ್ನು ಒಟ್ಟಿಗೆ ತರಬೇಕು. ಎರಡು ಮೂರು ವಾರಗಳ ಅನಂತರ ನಾಲ್ಕಾರು ಗಪ್ಪಿಗಳನ್ನು ಸೇರಿಸಬಹುದು. ಗಪ್ಪಿಗಳಲ್ಲಿ ಗಂಡುಗಳನ್ನು ಮಾತ್ರ ತರುವುದು ಜಾಣತನ. ಹೆಣ್ಣು ಬಂದರೆ ತಿಂಗಳಿಗೊಮ್ಮೆ ಹೆರಿಗೆ, ವರ್ಷ ತುಂಬುವುದರೊಳಗೆ ತೊಟ್ಟಿಯೆಲ್ಲ ಮರಿ. ಹೊಂಬಣ್ಣದ ಮೀನು ಈ ಅಳತೆಯ ತೊಟ್ಟಿಗೆ ಸಲ್ಲದು. ಅದು ಗೇಣುದ್ದ ಬೆಳೆದು ಹತ್ತಾರು ವರ್ಷ ಬದುಕಬಲ್ಲ ಜೀವ. ಬುರುಡೆಯಲ್ಲಿ ಹನ್ನೊಂದು ದಿನ ಬದುಕಿದ ನಮ್ಮ ಮೀನುಗಳ ನೆನಪು ಈಗಲೂ ಚುಚ್ಚುತ್ತದೆ.

ಕೆಂಪು ಗೆರೆಯ ಡೆನಿಸನ್ ಮೀನು ಬಹು ಚೆಲುವು. ಅದು ಕೇರಳದ ಮತ್ತು ಕರ್ನಾಟಕದ ದಕ್ಷಿಣ ಭಾಗದ ಮಲೆನಾಡ ತೊರೆಗಳದು. ಅಲಂಕಾರದ ಮೀನಿನ ವ್ಯಾಪಾರಕ್ಕಾಗಿಯೇ ಮಿತಿಮೀರಿ ಹಿಡಿದುದರಿಂದ ಅಪಾಯದಲ್ಲಿರುವ ಜಾತಿಗಳ ಪಟ್ಟಿಯನ್ನು ಸೇರಿದೆ. ಅದನ್ನು ಚಿತ್ರದಲ್ಲಿ ನೋಡಿ ಸಂತೋಷಪಟ್ಟರೆ ಸಾಕೆಂಬುದು ನಮ್ಮ ಅಭಿಪ್ರಾಯ. ಹಾಗೆಯೇ, ಸಾಕಿ ಸಾಕಾದ ಮೀನನ್ನು ಪುಣ್ಯಕಾರ್ಯವೆಂದು ಕೆರೆಗೆ ಬಿಡುವವರಿದ್ದಾರೆ. ಗಾಜಿನ ಪಾಚಿ ತಿನ್ನಲೆಂದು ದಕ್ಷಿಣ ಅಮೆರಿಕದಿಂದ ಬಂದ ಹೀರುಬಾಯಿಯ ಮೀನು ಹೀಗೆಯೇ ತೊಟ್ಟಿಗಳಿಂದ ಹೊರಬಿದ್ದು ಭಾರತದ ಹಲವು ಕೆರೆ ಹೊಳೆಗಳಲ್ಲಿ ಸಂತಾನ ಬೆಳೆಸಿದೆ. ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು.

ಅಂಗಡಿಯಿಂದ ತಂದ ಚೀಲವನ್ನು ತೊಟ್ಟಿಯ ನೀರಿನ ಮೇಲೆ ಕಾಲು ಗಂಟೆ ತೇಲಬಿಟ್ಟು, ಎರಡರ ಶಾಖವೂ ಸರಿಹೋದ ಮೇಲೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಬೇಕು. ಅಂಗಡಿಯ ನೀರು ಬೇಡ. ಊಟ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ವಾರಕ್ಕೊಂದು ಏಕಾದಶಿಯಾದರೆ ಮೀನಿಗೆ ನಷ್ಟವಿಲ್ಲ. ಮನೆಗೆ ಬಂದ ಅತಿಥಿಗಳು ಪ್ರೀತಿಯಿಂದ ಬ್ರೆಡ್ಡಿನ ಚೂರು ಹಾಕಹೋದರೆ, ದಾಕ್ಷಿಣ್ಯವನ್ನು ಬದಿಗಿಟ್ಟು ಕೈ ಹಿಡಿಯಬೇಕು. ತಿನ್ನದೆ ಉಳಿದದ್ದೆಲ್ಲ ಅಮೋನಿಯಾ.

ವಾರಕ್ಕೊಮ್ಮೆ ತೊಟ್ಟಿಯ ನೀರಿನಲ್ಲಿ ಕಾಲುಭಾಗವನ್ನು ಮಾತ್ರ, ತಳದ ಕಸದೊಡನೆ, ರಬ್ಬರಿನ ಕೊಳವೆಯಿಂದ ಹೊರತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರನ್ನು ಮೆಲ್ಲನೆ ಸುರಿಯಬೇಕು. ನಮ್ಮಲ್ಲಿ ಇದು ಭಾನುವಾರದ ಕೆಲಸ. ತೆಗೆದ ನೀರು ಸ್ವಲ್ಪ ಹಳದಿಯಾಗಿ, ಕೆರೆಯ ವಾಸನೆಯಿಂದ ಕೂಡಿರುತ್ತದೆ. ಮೊದಲು ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆವು. ಈಗ ಹಿತ್ತಲಿನ ಗುಲಾಬಿ ಗಿಡಗಳಿಗೆ ಹಾಕುತ್ತೇವೆ.